ಪಾಂಡಾ ವೇಷದ ಊದು

ಪಾಂಡಾ ಮರಿಯೊಂದನ್ನು ಹೆತ್ತು, ಮೊಲೆಯೂಡಿಸಿ, ಮರ ಹತ್ತಲು ಕಲಿಸಿ, ಕಾಡಿಗೆ ಕಳಿಸಿಕೊಟ್ಟ ಗಂಡಸು ಈ ಭೂಮಿಯ ಮೇಲೆ ನಾನೊಬ್ಬನೇ. ಹೆತ್ತ ವಿಷಯದಲ್ಲಿ ಕೆಲವರು ತಕರಾರು ತೆಗೆಯುತ್ತಾರೆ. ಅಂಥವರಿಗೆ ನಾನು ಉತ್ತರ ಕೊಡಲು ಹೋಗುವುದಿಲ್ಲ. ಮೊಲೆಯೂಡಿಸಿದ್ದಕ್ಕೆ ಮಾತ್ರ ಹದಿನಾಲ್ಕು ತಿಂಗಳ ವಿಡಿಯೋ ಇದೆ. ಅದನ್ನು ನೋಡಿದ ಚೀನಾದ ಪ್ರೊಫೆಸರರೊಬ್ಬರು, "ಈ ತಾಯಿ ಪಾಂಡಾ ಯಾವ ಬೆಟ್ಟದ್ದು?" ಎಂದು ಕೇಳಿದರಂತೆ. ಆ ತಾಯಿ ಮಂಗಳೂರಿನ ಬೋಳಾರದ್ದು. ಹೆಸರು ವಾಮನ ಬಂಗೇರ. ಅಂದರೆ ನಾನು.

ನಾನು ಇಪ್ಪತ್ತೆರಡು ವರ್ಷ ನವರಾತ್ರಿಗೆ ಕರಡಿ ವೇಷ ಹಾಕಿದವನು. ಹುಲಿ ವೇಷಕ್ಕೆ ಮಂಗಳೂರಿನಲ್ಲಿ ಎಷ್ಟು ಜನ ಬೇಕಾದರೂ ಸಿಗುತ್ತಾರೆ. ಕರಡಿಗೆ ಸಿಗುವುದಿಲ್ಲ, ಆ ಕೂದಲಿನ ಅಂಗಿಯೊಳಗೆ ಮನುಷ್ಯ ಬೆಂದು ಹೋಗುತ್ತಾನೆ. ನಾನು ಬೆಂದವನಲ್ಲ. ನಾನು ನಾಲ್ಕು ಕಾಲಿನಲ್ಲಿ ಹೊರಟರೆ ಬೀದಿನಾಯಿಗಳು ಉಳ್ಳಾಲದವರೆಗೆ ಓಡಿ, ನವರಾತ್ರಿ ಮುಗಿದ ಮೇಲೆ ವಾಪಸು ಬರುತ್ತಿದ್ದವು. ಹಾಗಾಗಿ, "ದಿನಕ್ಕೆ ಆರು ಗಂಟೆ ನಾಲ್ಕು ಕಾಲಿನಲ್ಲಿ ನಡೆಯಬಲ್ಲವರು ಬೇಕಾಗಿದ್ದಾರೆ" ಎಂಬ ಜಾಹೀರಾತು ಬಂದಾಗ ಅದು ನನ್ನನ್ನೇ ಹುಡುಕಿಕೊಂಡು ಬಂದದ್ದೆಂದು ನನಗೆ ಕೂಡಲೇ ಗೊತ್ತಾಯಿತು.

ಪಾಂಡಾಗಳ ಬೆಟ್ಟಗಳಲ್ಲಿ ಬಿದಿರೆಲ್ಲ ಒಟ್ಟಿಗೇ ಹೂಬಿಟ್ಟು ಒಟ್ಟಿಗೇ ಒಣಗಿದ ವರ್ಷ ಅದು. ಬಿದಿರಿಲ್ಲದೆ ಪಾಂಡಾ ಇಲ್ಲ. ಮತ್ತೆ ಬಿದಿರು ಬೆಳೆಯುವವರೆಗೆ ಮರಿಗಳಾದರೂ ಉಳಿಯಲಿ ಎಂದು ಏಳು ದೇಶಗಳಿಗೆ ಅವನ್ನು ಹಂಚಿದರು. ನಮ್ಮ ಪಾಲಿಗೆ ಬಂದದ್ದು ಕಣ್ಣು ಬಿಡದ ಒಂದೇ ಒಂದು ಹೆಣ್ಣು ಮರಿ. ನನ್ನ ಅಂಗೈ ಮೇಲೆ ಇಟ್ಟರೆ ಸುತ್ತ ಜಾಗ ಉಳಿಯುತ್ತಿತ್ತು. ಹುಟ್ಟಿದ ಐದನೇ ದಿನ ಅದರ ತಾಯಿ ಸತ್ತಿತ್ತು. ಹೆಸರಿಡಬಾರದೆಂಬ ನಿಯಮವಿದ್ದುದರಿಂದ, ಅದರ ಪೆಟ್ಟಿಗೆಯ ಮೇಲಿದ್ದ ಸಂಖ್ಯೆಯಿಂದ ಅದನ್ನು ಹದಿಮೂರು ಎಂದು ಕರೆಯುತ್ತಿದ್ದೆವು.

ಅದಕ್ಕಾಗಿ ಘಟ್ಟದ ಮೇಲೆ, ಮುಚ್ಚಿಹೋಗಿದ್ದ ಅದಿರು ಕಾರ್ಖಾನೆಯ ಶೆಡ್ಡಿನೊಳಗೆ ಒಂದು ಕಾಡು ಮಾಡಿದರು. ಹೊರಗೆ ನಮ್ಮ ಊರಿನ ಬಿಸಿಲು, ಒಳಗೆ ಚೀನಾದ ಚಳಿ. ಶೆಡ್ಡು ಏಳು ಫುಟ್‌ಬಾಲ್ ಮೈದಾನದಷ್ಟಿತ್ತು. ಕೇಂದ್ರದ ಮುಖ್ಯಸ್ಥರಾದ ಚಿತ್ರದುರ್ಗದ ಡಾಕ್ಟರ್ ತಿಪ್ಪೇಸ್ವಾಮಿಯವರು ಎರಡು ಮೈದಾನ ಎನ್ನುತ್ತಾರೆ, ಆದರೆ ಅವರು ಅದನ್ನು ಎರಡು ಕಾಲಿನಲ್ಲಿ ಅಳೆದವರು.

ಮೊದಲ ದಿನ ಅವರು ಹೇಳಿದ್ದು ಇಷ್ಟು: "ನೋಡಪ್ಪಾ ವಾಮನ, ಈ ಮರಿ ಒಂದಿನ ತನ್ನ ಬೆಟ್ಟಕ್ಕೆ ಹೋಗಬೇಕು. ಅಲ್ಲೀತನಕ ಮನುಷ್ಯ ಅಂತ ಒಂದು ಪ್ರಾಣಿ ಐತೆ ಅನ್ನೋದೇ ಅದಕ್ಕೆ ಗೊತ್ತಾಗಬಾರದು. ಮನುಷ್ಯನ್ನ ನಂಬಿದ ಪಾಂಡಾ ಕಾಡಿನಾಗೆ ಬಾಳಲ್ಲ. ಊರೊಳಕ್ಕೆ ಬಂತು ಅಂದ್ರೆ ಹಿಡಿದು ಗಾಜಿನ ಮನೇಲಿ ಇಡ್ತಾರೆ. ಸಾಯೋತನಕ."

ಮರಿಯನ್ನು ನಂಬಿಸಲು ನಮ್ಮ ಬಳಿ ಒಂದು ಯಂತ್ರವಿತ್ತು. ನಾವು ಅದನ್ನು ಮೂಗು ಎನ್ನುತ್ತಿದ್ದೆವು. ತಾಯಿ ಸಾಯುವ ಮೊದಲು ಅದರ ಮೈವಾಸನೆಯನ್ನು ಮೂಗು ಮೂಸಿ, ಯಾವ ಆವಿ ಎಷ್ಟು ಎಂದು ಅಡುಗೆಯ ಅಳತೆಯಂತೆ ಬರೆದಿಟ್ಟುಕೊಂಡಿತ್ತು. ಆ ಅಳತೆಯಲ್ಲೇ ವಾಸನೆಯನ್ನು ಮತ್ತೆ ಬೆರೆಸಿ, ನಮ್ಮ ಪಾಂಡಾ ವೇಷದ ಕುತ್ತಿಗೆಯಲ್ಲಿದ್ದ ಸಣ್ಣ ತೂತುಗಳಿಂದ ಹೊರಗೆ ಬಿಡುತ್ತಿದ್ದರು. ವೇಷದ ಎದೆಯೊಳಗೆ ಬೆಚ್ಚನೆಯ ಹಾಲಿನ ಚೀಲ, ಅದಕ್ಕೊಂದು ರಬ್ಬರಿನ ಮೊಲೆ. ಸತ್ತ ತಾಯಿ ಹೀಗೆ ದಿನವೂ ಎದ್ದು ಬರುತ್ತಿದ್ದಳು. ನಮ್ಮ ಮೈಯಿಂದ ಬೇರೆ ಯಾವ ವಾಸನೆಯೂ ಬರದಂತೆ ನಿಷೇಧದ ಪಟ್ಟಿಯೊಂದಿತ್ತು. ಈರುಳ್ಳಿ, ಬೆಳ್ಳುಳ್ಳಿ, ಸಾಬೂನು, ತೆಂಗಿನೆಣ್ಣೆ, ಒಣಮೀನು, ಹೀಗೆ ಇನ್ನೂರ ಹದಿನಾಲ್ಕು. ಬಾಗಿಲಲ್ಲಿ ಮೂಗು ನಮ್ಮನ್ನು ಮೂಸಿ, ಇವುಗಳಲ್ಲಿ ಒಂದಿದ್ದರೂ ಕೆಂಪು ದೀಪ ಹಾಕುತ್ತಿತ್ತು. ಪಟ್ಟಿಯಲ್ಲಿ ಇಲ್ಲದ್ದನ್ನು ಅದು ಕೇಳುತ್ತಿರಲಿಲ್ಲ.

ತಾಯಿಗೆ ದಿನಕ್ಕೆ ಹನ್ನೆರಡು ಗಂಟೆ ಕೆಲಸ. ಹಾಗಾಗಿ ಒಬ್ಬಳು ತಾಯಿಗೆ ನಾವು ಇಬ್ಬರು. ಬೆಳಗ್ಗೆ ನಾನು, ಮಧ್ಯಾಹ್ನದ ಮೇಲೆ ಹುಕ್ಕೇರಿಯ ದುಂಡವ್ವ.

ದುಂಡವ್ವ ವೇಷ ಹಾಕಿದ ಮನೆತನದವಳಲ್ಲ. ತಬ್ಬಲಿ ಎಮ್ಮೆಕರುಗಳನ್ನು ಬದುಕಿಸುವುದರಲ್ಲಿ ಊರಲ್ಲಿ ಅವಳಿಗೆ ಹೆಸರಿತ್ತಂತೆ. ವೇಷದೊಳಗೆ ಹೊಕ್ಕು ಅವಳು ಮಾಡುತ್ತಿದ್ದದ್ದು ಏನು? ಏನೂ ಇಲ್ಲ. ಬಿದಿರಿಗೆ ಒರಗಿ ಕೂರುತ್ತಿದ್ದಳು, ಅಷ್ಟೇ. ನಾನು ಬಾಗಿ ನಡೆದು, ಗೊರಗೊರ ಸದ್ದು ಮಾಡಿ, ಬಿದಿರು ಸೀಳಿ ತಿಂದು ತೋರಿಸಿ, ಹುಲಿವೇಷದವರ ಪಲ್ಟಿಗಳನ್ನೂ ಹೊಡೆಯುತ್ತಿದ್ದೆ.

"ಪಾಂಡಾ ತಾಯಿ ಪಲ್ಟಿ ಹೊಡೆಯಲ್ಲಪ್ಪ," ಎಂದು ತಿಪ್ಪೇಸ್ವಾಮಿಯವರು ಅಂದರು.

"ಅದಕ್ಕೆ ಯಾರೂ ಕಲಿಸ್ಲಿಲ್ಲ ಸರ್," ಎಂದೆ.

ಮರಿಯ ಕುತ್ತಿಗೆಯ ಪಟ್ಟಿ ಅದರ ಎದೆಬಡಿತವನ್ನು ಲೆಕ್ಕ ಹಾಕಿ ಕಂಟ್ರೋಲ್ ರೂಮಿನ ಪರದೆಗೆ ಕಳಿಸುತ್ತಿತ್ತು. ಒಂದು ದಿನ ನಾನು ವೇಷ ಕಳಚಿ ಅಲ್ಲಿಗೆ ಹೋದಾಗ ಪರದೆಯಲ್ಲಿ ಗೆರೆಯೊಂದು ಇಳಿಯುತ್ತಿತ್ತು. ದುಂಡವ್ವ ಒಳಗೆ ಹೋಗಿ ಕೂತಿದ್ದಳು. ಮರಿ ಅವಳ ಹೊಟ್ಟೆಯ ಮೇಲೆ ಹತ್ತಿ, ಒಂದು ಕಾಲು ಚಾಚಿ ಮಲಗಿತು. ತೊಂಬತ್ತಿದ್ದ ಬಡಿತ ಎಪ್ಪತ್ತಕ್ಕೆ ಬಂತು.

"ನಂಗೆ ಎಷ್ಟಕ್ಕೆ ಇಳೀತದೆ ಸರ್?" ಎಂದು ಕೇಳಿದೆ.

"ಇಳಿಯಲ್ಲ," ಎಂದರು ತಿಪ್ಪೇಸ್ವಾಮಿ. "ನೀನು ಬಂದ್ರೆ ಹಾಲು ಕುಡೀತದೆ. ಈಯಮ್ಮ ಬಂದ್ರೆ ನಿದ್ದೆ ಮಾಡ್ತದೆ."

ಹಾಲು ಹೋಟೆಲಿನವನೂ ಕೊಡುತ್ತಾನೆ. ಆ ಹೊತ್ತು ನನ್ನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದಕ್ಕೆ ಶೆಡ್ಡಿನ ಚಳಿಯಂತ್ರಗಳೆಲ್ಲ ಒಟ್ಟಿಗೆ ಸುಟ್ಟುಹೋಗಬೇಕಿತ್ತು, ಹೋಗದಿದ್ದದ್ದು ಸರಕಾರದ ಪುಣ್ಯ. ಹೆಂಡತಿಯ ಮೇಲೆ ಕಣ್ಣು ಹಾಕಿದವನನ್ನು ಕಂಡರೆ ಉರಿಯುವುದು ನ್ಯಾಯ. ನನಗೆ ಉರಿದದ್ದು ನನ್ನದೇ ಇನ್ನರ್ಧದ ಮೇಲೆ. ನಾನೂ ಅವಳೂ ಸೇರಿ ಒಬ್ಬಳು ತಾಯಿ. ಆ ತಾಯಿಯ ಅರ್ಧವನ್ನು ಮರಿ ಪ್ರೀತಿಸುತ್ತಿತ್ತು, ಇನ್ನರ್ಧಕ್ಕೆ ಹಾಲು ಕೊಡುವ ಕೆಲಸ.

ಕ್ವಾರ್ಟರ್ಸಿಗೆ ಬಂದರೆ ನನ್ನ ಹೆಂಡತಿ ರೇವತಿ ನನ್ನನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. "ಹೋಯ್, ಮೊದ್ಲು ಮೀಯಿರಿ. ಯಾವುದೋ ಹೆಣ್ಣಿನ ವಾಸನೆ ಮೈಗೆ ಹಚ್ಚಿಕೊಂಡು ಬರ್ತೀರಿ ದಿನಾ."

"ಅದು ಸತ್ತ ಪಾಂಡಾದ್ದು ಮಾರಾಯ್ತಿ."

"ಸತ್ತವಳಾದ್ರೆ ಎಂತ, ಹೆಣ್ಣಲ್ವಾ?" ಎನ್ನುವಳು. ಊಟಕ್ಕೆ ಕೂತಾಗ ನಾನು ದುಂಡವ್ವನ ಸುದ್ದಿಯನ್ನೇ ಹೇಳುತ್ತಿದ್ದೆ. ಅವಳು ಹೇಗೆ ಕೂರುತ್ತಾಳೆ, ಏನೂ ಮಾಡುವುದಿಲ್ಲ, ಆದರೂ ಆ ಮರಿ. ರೇವತಿ ಬಟ್ಟಲಿಗೆ ಸಾರು ಸುರಿಯುತ್ತ ಒಮ್ಮೆ ಅಂದಳು, "ಅಷ್ಟು ಉರೀತದಾದ್ರೆ ನೀವೂ ಸುಮ್ನೆ ಕೂತು ನೋಡಿ." ಸುಮ್ಮನೆ ಕೂರುವುದೊಂದು ನನ್ನಿಂದಾಗುವ ಕೆಲಸವಲ್ಲ.

ಮರಿಗೆ ಆರು ತಿಂಗಳಾದಾಗ ಲೆಕ್ಕ ತಿರುಗಿತು. ಈಗ ನಾನು ಬಂದರೆ ಗೆರೆ ಇಳಿಯತೊಡಗಿತು, ಎಪ್ಪತ್ತಕ್ಕಲ್ಲ, ಅರವತ್ತೈದಕ್ಕೆ. ನಾನು ಇನ್ನೂ ಬಾಗಿಲ ಬಳಿ ಇರುವಾಗಲೇ ಹದಿಮೂರು ಮೂಗೆತ್ತಿ ಗಾಳಿ ಹಿಡಿದು, ಉರುಳುತ್ತ ಬಂದು ನನ್ನ ಕಾಲು ಹಿಡಿಯುತ್ತಿತ್ತು. ದುಂಡವ್ವ ಬಂದರೆ ಮೂಸಿ ನೋಡಿ, ಹಿಂದೆ ಸರಿದು, ಮರ ಹತ್ತಿ ಕೂರುತ್ತಿತ್ತು. ಬಡಿತ ನೂರ ಹತ್ತು. ನನ್ನ ಕಲೆಯ ಮುಂದೆ ಕೊನೆಗೂ ಎಮ್ಮೆ ಸಾಕುವ ವಿದ್ಯೆ ಸೋತಿತೆಂದು ನಾನು ಕ್ಯಾಂಟೀನಿನಲ್ಲಿ ಎಲ್ಲರಿಗೂ ಹೇಳಿದೆ.

ಮೂರು ವಾರ ನೋಡಿ ತಿಪ್ಪೇಸ್ವಾಮಿಯವರು ದುಂಡವ್ವನ ವೇಷ ತೆಗೆಸಿ, ಅವಳ ಪಾಳಿಯನ್ನೂ ನನಗೇ ಕೊಟ್ಟು, ಅವಳನ್ನು ಬಿದಿರು ಕತ್ತರಿಸುವ ಕೆಲಸಕ್ಕೆ ಹಾಕಿದರು. ಅವಳು ಅಂದು ಸಂಜೆ ನಮ್ಮ ಮನೆಗೆ ಬಂದು, ಅಡುಗೆಮನೆಯ ಹೊಸ್ತಿಲ ಬಳಿ ಕೂತಳು. ರೇವತಿ ಚಹಾ ಕೊಟ್ಟರೆ ಲೋಟ ಕೈಯಲ್ಲೇ ಉಳಿಯಿತು.

"ನಲವತ್ತ ಕರಾ ಬದುಕಿಸೇನಿ ತಂಗಿ," ಎಂದಳು. "ಒಂದೂ ನನ್ನ ಕಂಡು ಅಂಜಿದ್ದಿಲ್ಲ. ಈ ಕೂಸು ಅಂಜತೈತಿ. ನನ್ನ ಕೈಗುಣಾನ ಹೋತೋ ಏನೋ."

ನನ್ನ ಕಡೆ ತಿರುಗಿ, "ಬಂಗೇರಣ್ಣಾರ, ನಾ ಏನರ ತಪ್ಪ ಮಾಡೀನೇನ್ರಿ? ನೀವ ಖರೇ ಹೇಳ್ರಿ, ಬ್ಯಾಸರ ಮಾಡ್ಕೊಳಂಗಿಲ್ಲ," ಎಂದಳು.

ತಾಯಿತನ ಎಲ್ಲರಿಗೂ ಒಲಿಯುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅಂದಿನಿಂದ ಅವಳು ಆಗಾಗ ರೇವತಿಯ ಬಳಿ ಬಂದು ಕೂರುವುದು ರೂಢಿಯಾಯಿತು. ರೇವತಿಯ ಅಪ್ಪ ಹುಲಿವೇಷಕ್ಕೆ ಬಣ್ಣ ಬಳಿಯುತ್ತಿದ್ದವರು. ಅವಳು ಆ ಕಥೆಗಳನ್ನೆಲ್ಲ ಹೇಳುವಳು, ದುಂಡವ್ವ ಸೊಪ್ಪು ಸೋಸುತ್ತ ಕೇಳುವಳು.

ಮನುಷ್ಯರ ಭಯದ ಪರೀಕ್ಷೆಯಲ್ಲಿ ಹದಿಮೂರು ಜಗತ್ತಿಗೇ ಮೊದಲನೆಯವಳು. ತಿಪ್ಪೇಸ್ವಾಮಿಯವರು ವೇಷವಿಲ್ಲದೆ ಒಳಗೆ ಕಾಲಿಟ್ಟದ್ದೇ ತಡ, ಅವಳು ಮರದ ತುದಿ ಮುಟ್ಟಿದಳು. ಅವರ ಮುಖ ಕಂಡರೆ ಆಫೀಸಿನ ಗುಮಾಸ್ತರೂ ಮರ ಹುಡುಕುತ್ತಾರೆ, ಆ ಮಾತು ಬೇರೆ. ಒಂದೂವರೆ ವರ್ಷಕ್ಕೆ, ಅಲ್ಲಿ ಬಿದಿರು ಮತ್ತೆ ಎದೆಯೆತ್ತರ ಬೆಳೆದಿದೆಯೆಂಬ ಸುದ್ದಿ ಬಂದ ಮೇಲೆ, ಅವಳನ್ನು ಪೆಟ್ಟಿಗೆಯಲ್ಲಿ ಕೂರಿಸಿ ವಿಮಾನ ಹತ್ತಿಸಿ, ಅವಳ ತಾಯಿಯ ಬೆಟ್ಟದಲ್ಲೇ ಬಿಟ್ಟರು.

ತಿಂಗಳೊಳಗೆ ಹದಿಮೂರು ಲೋಕಪ್ರಸಿದ್ಧಳಾದಳು. ಬೆಟ್ಟದ ಬುಡದ ಹಳ್ಳಿಯೊಂದರ ಅಂಚಿನಲ್ಲಿ ಒಂದು ಪುಟ್ಟ ಗುಡಿ. ಅಲ್ಲಿ ಒಬ್ಬ ಅಜ್ಜಿ ಸಾಯಂಕಾಲ ಧೂಪ ಹಾಕುತ್ತಾಳೆ. ದಿನವೂ ಆ ಹೊತ್ತಿಗೆ ಹದಿಮೂರು ತನ್ನ ಬೆಟ್ಟ ಇಳಿದು ಬಂದು, ಧೂಪದೆದುರು ಮೂಗೆತ್ತಿ ಕೂತು, ಹೊಗೆ ಮುಗಿದ ಮೇಲೆ ಹಿಂತಿರುಗುತ್ತಿದ್ದಳು. ಫೋಟೋ ಎಲ್ಲ ದೇಶದ ಪತ್ರಿಕೆಗಳಲ್ಲಿ ಬಂತು. ಭಕ್ತ ಪಾಂಡಾ ಎಂದರು. ಸಾಕಿದವನು ಮಂಗಳೂರಿನವನೆಂದು ತಿಳಿದು ನನ್ನ ಬಳಿ ನಲವತ್ತು ಪತ್ರಕರ್ತರು ಬಂದರು. ನಾಲ್ಕು ಎಂದು ರೇವತಿ ಹೇಳುತ್ತಾಳೆ. "ಸಂಸ್ಕಾರ ಕೊಟ್ಟದ್ದು ನಾನೇ," ಎಂದು ನಾನು ಅವರಿಗೆಲ್ಲ ಹೇಳಿದೆ.

ತಿಪ್ಪೇಸ್ವಾಮಿಯವರು ನನ್ನನ್ನು ಕಂಟ್ರೋಲ್ ರೂಮಿಗೆ ಕರೆಸಿದರು. ದುಂಡವ್ವನೂ ಅಲ್ಲಿದ್ದಳು. ಮೂಗು ಒಂದು ಉದ್ದನೆಯ ಕಾಗದವನ್ನು ಹೊರಗೆ ಬಿಡುತ್ತಿತ್ತು.

"ಗುಡಿಯ ಗಾಳೀನ ಬಾಟಲಿಲಿ ತುಂಬಿ ಕಳಿಸವ್ರೆ," ಎಂದರು ಅವರು. "ಅದನ್ನ ಮೂಸಿಸಿದೆ. ಆಮೇಲೆ ನಿನ್ನ ಹಳೇ ವೇಷಾನೂ ಮೂಸಿಸಿದೆ, ಪಟ್ಟಿ ಬಿಟ್ಟು ಏನೈತೋ ಎಲ್ಲಾ ಹೇಳು ಅಂತ. ಎರಡ್ರಾಗೂ ಒಂದೇ. ಲೋಬಾನ. ದುಂಡವ್ವನ ವೇಷದಾಗೆ ಇಲ್ಲ."

ನಾನು ಕಾಗದದ ಹಿಂಬದಿ ತಿರುಗಿಸಿ ನೋಡಿದೆ.

"ಅದು ಭಕ್ತಿ ಅಲ್ಲ ವಾಮನ. ತಾಯಿ ಹುಡುಕ್ಕೊಂಡು ಬರ್ತಾ ಐತೆ. ಇನ್ನು ಹತ್ತು ದಿನದಾಗೆ ಅದು ಗುಡಿ ಬಿಡದಿದ್ರೆ ಹಿಡೀತಾರಂತೆ. ಗಾಜಿನ ಮನೆ ಸಿದ್ಧ ಮಾಡವ್ರೆ."

ಆಗ ನಾನು ಅವರಿಗೆ ನಮ್ಮ ಸಂಪ್ರದಾಯವನ್ನು ವಿವರಿಸಿದೆ. ಮಂಗಳೂರಿನಲ್ಲಿ ವೇಷ ಹಾಕುವವನು ಊದು ಹಾಕದೆ ವೇಷ ಮುಟ್ಟುವುದಿಲ್ಲ. ಕೆಂಡದ ಮೇಲೆ ಲೋಬಾನ ಹಾಕಿ, ಆ ಹೊಗೆಯನ್ನು ವೇಷಕ್ಕೆ ತೋರಿಸಿ, ಕೈಮುಗಿದ ಮೇಲೆಯೇ ತೊಡುವುದು. ವೇಷ ಒಣಗಿಸುವ ಹಿಂದಿನ ಜಗಲಿಯಲ್ಲಿ ತೆಂಗಿನ ಗೆರಟೆಯೊಳಗೆ ಕೆಂಡ ಇಟ್ಟು ನಾನು ಅಷ್ಟೇ ಮಾಡಿದ್ದೆ. ಲೋಬಾನ ಪಟ್ಟಿಯಲ್ಲಿ ಇರಲಿಲ್ಲ. ತಿಪ್ಪೇಸ್ವಾಮಿಯವರು ಕನ್ನಡಕ ತೆಗೆದು ಒರೆಸಿ, ವರದಿಯಲ್ಲಿ "ಸಾಂಪ್ರದಾಯಿಕ ಕಾರಣ" ಎಂದು ಬರೆದರು. ದುಂಡವ್ವ ಆ ಕಾಗದವನ್ನೇ ನೋಡುತ್ತ ನಿಂತಿದ್ದಳು.

ದಾರಿ ಒಂದೇ ಇತ್ತು. ಕಾಡಿನಲ್ಲಿ ಮರಿ ದೊಡ್ಡದಾದ ಮೇಲೆ ತಾಯಿ ಪಾಂಡಾ ಅದನ್ನು ಹೊಡೆದು ಓಡಿಸುತ್ತದೆ. ನಮ್ಮ ತಾಯಿ ಆ ಒಂದು ಕೆಲಸ ಬಾಕಿ ಇಟ್ಟಿದ್ದಳು. ಲೋಬಾನದ ಹೊಗೆ ಬಂದ ಕಡೆಯಿಂದ ಏಟು ಬಿದ್ದರೆ ಹದಿಮೂರು ಆ ಹೊಗೆಯಿಂದ ಜನ್ಮವಿಡೀ ದೂರವಿರುತ್ತಾಳೆ. ಎರಡೂ ವೇಷಗಳನ್ನು ಕಟ್ಟಿಕೊಂಡು ನಾವಿಬ್ಬರೂ ಹೊರಟೆವು. ನಾನು ಹೊಡೆಯಲು, ದುಂಡವ್ವ ಚೀಲ ಹೊರಲು.

ಅಜ್ಜಿಗೆ ಒಂದು ದಿನ ಧೂಪ ಬೇಡವೆಂದು ಹೇಳಿಸಿ, ಗುಡಿಯ ಮೇಲಿನ ಬಿದಿರಿನಲ್ಲಿ ನಾನು ಊದಿನ ವೇಷ ತೊಟ್ಟು ಕಾದೆ. ಹದಿಮೂರು ಬಂದಳು. ಈಗ ನನಗಿಂತ ಭಾರ. ನಾನು ಎದ್ದು ನಿಂತು ಒಂದು ಸಲ ಗರ್ಜಿಸಿದೆ. ಅದು ಕರಡಿಯ ಗರ್ಜನೆಯಲ್ಲ, ಬೋಳಾರದ ಹುಲಿಯ ಗರ್ಜನೆ. ಮೂರು ಬೆಟ್ಟಗಳಿಂದ ಹಕ್ಕಿಗಳು ಎದ್ದವು, ಹಳ್ಳಿಯ ಹೆಂಚುಗಳು ಜಾರಿದವು. ಒಂದೇ ಏಟು. ಅವಳು ಬೆಟ್ಟ ಹತ್ತಿ ಓಡಿದಳು. ಹೋಗುವಾಗ ಮೂರು ಸಲ ನಿಂತು, ಮೂರು ಸಲವೂ ನನ್ನನ್ನೇ ತಿರುಗಿ ನೋಡಿದಳು.

ಈ ಕಥೆಯನ್ನು ನಾನು ಮೂರು ವರ್ಷಗಳಿಂದ ಹೀಗೆಯೇ ಹೇಳುತ್ತ ಬಂದಿದ್ದೇನೆ. ಮೊನ್ನೆ ನವರಾತ್ರಿಗೆ ಬೋಳಾರದ ನಮ್ಮ ತಂಡದ ಚಪ್ಪರದಲ್ಲಿ, ವೇಷ ಹಾಕುವ ಹಿಂದಿನ ಸಂಜೆ, ಊದು ಹಾಕಿ ಮುಗಿದ ಮೇಲೆ ಮತ್ತೆ ಹೇಳಿದೆ. ಮೂರು ಸಲ ತಿರುಗಿ ನೋಡಿದ ಜಾಗಕ್ಕೆ ಬಂದಾಗ ಜನ ಉಸಿರು ಹಿಡಿದು ಕೂತಿದ್ದರು. ಆಗ ಚಪ್ಪರದ ಕಂಬದ ಬಳಿ ರೇವತಿಯ ಜೊತೆ ದುಂಡವ್ವ ಕೂತಿರುವುದು ಕಂಡಿತು. ಹಬ್ಬ ನೋಡಲು ರೇವತಿಯೇ ಕರೆಸಿದ್ದಳಂತೆ.

ದುಂಡವ್ವ ನನ್ನನ್ನು ಏನೂ ಕೇಳಲಿಲ್ಲ. ಪಕ್ಕದಲ್ಲಿದ್ದ ನಮ್ಮ ತಂಡದ ಹಿರಿಯ ಲೋಕಯ್ಯಣ್ಣನನ್ನು ಕೇಳಿದಳು. "ಯಣ್ಣಾ, ಈ ಊದು ದಿನಾ ಹಾಕ್ತೀರೇನ್ರಿ?"

"ದಿನಾ ಎಂತಕ್ಕೆ? ವೇಷ ಹಾಕುವ ಮುಂಚೆ ಒಂದೇ ಸಲ," ಎಂದರು ಲೋಕಯ್ಯಣ್ಣ. "ತಂಡದ ಎಲ್ಲಾ ವೇಷಕ್ಕೂ ಒಟ್ಟಿಗೆ. ಒಬ್ಬಂದಕ್ಕೆ ಹಾಕಿ ಇನ್ನೊಬ್ಬಂದು ಬಿಡುವ ಕ್ರಮ ಇಲ್ಲ."

"ಹೂನ್ರಿ. ರೇವತಿ ತಂಗೀನೂ ಹಂಗ ಹೇಳಿದ್ಲು. ಮೂರ ವರ್ಷಾತು," ಎಂದಳು ದುಂಡವ್ವ. ಆಮೇಲೆ ನನ್ನ ಕಡೆ ನೋಡಿ, "ನೀವ ಹೇಳ್ತೀರಿ ಅಂತ ಕಾಯಾಕತ್ತಿದ್ದೆ, ಬಂಗೇರಣ್ಣಾರ," ಎಂದಳು.

ಚಪ್ಪರದಲ್ಲಿ ಅಷ್ಟೂ ಜನ ನನ್ನ ಬಾಯಿ ನೋಡುತ್ತಿದ್ದರು. ರೇವತಿ ಮಾತ್ರ ತನ್ನ ಸೆರಗಿನ ಅಂಚು ನೋಡುತ್ತಿದ್ದಳು. ಅಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಮೊದಲ ದಿನ ಒಂದೇ ಸಲ, ಎರಡೂ ವೇಷಕ್ಕೆ ಊದು ಹಾಕಿದ್ದೆ. ಅದು ಸಂಪ್ರದಾಯ. ಒಂದು ಬಾರಿ ಒಗೆದಾಗ ಆ ವಾಸನೆ ಹೋಯಿತು. ಐದು ತಿಂಗಳಾದ ಮೇಲೆ, ಆ ಗೆರೆ ಎಪ್ಪತ್ತಕ್ಕೆ ಇಳಿಯುವುದನ್ನು ನೋಡಿದ ಮರುದಿನದಿಂದ, ನನ್ನ ವೇಷಕ್ಕೆ ಮಾತ್ರ ದಿನವೂ ಹಾಕಿದೆ. ಅದು ಸಂಪ್ರದಾಯವಲ್ಲ. ನಮ್ಮಿಬ್ಬರಲ್ಲಿ ನಾನು ಯಾರೆಂದು ಮರಿಗೆ ತಿಳಿಯಬೇಕಿತ್ತು. ಹಾಲು, ಪಲ್ಟಿ, ಆಟ, ಎಲ್ಲವೂ ಆ ಹೊಗೆಯ ಜೊತೆಗೆ ಬರುತ್ತದೆಂದು ಅದು ಕಲಿಯಿತು. ಹೊಗೆ ಇದ್ದವಳು ತಾಯಿ, ಇಲ್ಲದವಳು ಯಾರೋ. ದುಂಡವ್ವನ ಕೈಗುಣ ಎಲ್ಲಿಗೂ ಹೋಗಿರಲಿಲ್ಲ. ಅವಳು ನಮ್ಮ ಹೊಸ್ತಿಲಲ್ಲಿ ಕೂತು ಕೇಳಿದ ದಿನ ನನಗದು ಗೊತ್ತಿತ್ತು.

ಬೆಟ್ಟದ ಮೇಲೆ ನಾನು ಗರ್ಜಿಸಲಿಲ್ಲ. ಹದಿಮೂರು ಬಂದಳು, ತಲೆಯನ್ನು ನನ್ನ ಮಡಿಲಿಗೆ ಇಟ್ಟಳು, ಬತ್ತಿದ ರಬ್ಬರಿನ ಮೊಲೆಯನ್ನು ಮೂತಿಯಿಂದ ಹುಡುಕಿದಳು. ನಾನು ಕೈ ಎತ್ತಿದೆ. ಎತ್ತಿದ ಕೈ ಹೋಗಿ ಅವಳ ಕಿವಿಯ ಹಿಂದೆ ಕೆರೆಯಿತು. ಗಾಜಿನ ಮನೆಗೆ ಅವಳನ್ನು ನಾನೇ ಕಳಿಸುತ್ತಿದ್ದೇನೆಂದು ತಿಳಿದೂ ಕೆರೆಯುತ್ತಲೇ ಇದ್ದೆ, ಅವಳು ಕೊನೆಗೂ ಮಲಗಿದ್ದು ನನ್ನ ಮೇಲೆ ಎಂದು.

ಆಗ ಹಿಂದಿನಿಂದ ಇನ್ನೊಂದು ಪಾಂಡಾ ಬಂತು. ದುಂಡವ್ವ ನನ್ನ ಚೀಲದಿಂದ ಲೋಬಾನದ ಡಬ್ಬಿ ತೆಗೆದು, ತನ್ನ ವೇಷಕ್ಕೆ ಹೊಗೆ ಹಿಡಿದು ಬಂದಿದ್ದಳು. ಈಗ ಅವಳದೂ ನನ್ನದೇ ವಾಸನೆ. ಅವಳು ಹೊಡೆದಳು. ಕುರಿಮರಿಯ ಹಾಗೆ ಕೂಗಿ ಹದಿಮೂರು ಮತ್ತೆ ಬಂದಳು. ದುಂಡವ್ವ ಮತ್ತೆ ಹೊಡೆದಳು. ಮೂರನೆಯ ಏಟಿಗೆ ಮರಿ ಹೋಯಿತು. ವೇಷದ ತಲೆ ತೆಗೆದಾಗ ದುಂಡವ್ವನ ಮುಖವೆಲ್ಲ ಒದ್ದೆಯಾಗಿತ್ತು. "ಎಮ್ಮಿ ಸೈತ ಕರಾ ಒದೀತೈತ್ರಿ, ಹಾಲ ಬಿಡಸಾಕ," ಎಂದಷ್ಟೇ ಹೇಳಿ, ಚೀಲ ಕಟ್ಟಲು ಕೂತಳು.

ಹದಿಮೂರು ಮತ್ತೆ ಆ ಗುಡಿಗೆ ಬಂದಿಲ್ಲ. ಈಗ ಬೆಟ್ಟದ ಆಚೆ ಬದಿಯಲ್ಲಿದ್ದಾಳೆ, ಕಳೆದ ವಸಂತದಲ್ಲಿ ಅವಳ ಜೊತೆ ಒಂದು ಮರಿಯನ್ನು ಕಂಡವರಿದ್ದಾರೆ. ಮೂರು ಸಲ ತಿರುಗಿ ನೋಡಿದಳೆಂದೆನಲ್ಲ, ಒಂದು ಸಲವೂ ನೋಡಲಿಲ್ಲ. ಅವಳ ಮೈಮೇಲೆ ಬಿದ್ದ ಕೊನೆಯ ಕೈ ದುಂಡವ್ವನದು. ಅದು ಏಟೇ ಆಗಿದ್ದರೂ, ಅದಕ್ಕೂ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.